ಅಡ್ಡಿಲ್ಲ

ಸೆಪ್ಟೆಂಬರ್ 15, ಸೋಮವಾರ

ಬೆಂಚಿನ ಮೇಲೆ ಪ್ರಮೀಳಾ ಕೂರುತ್ತಿದ್ದ ಜಾಗದಲ್ಲಿ ಇವತ್ತೂ ಬ್ಯಾಗ್ ಇಟ್ಟೆ. ಅಲ್ಲಿ ಯಾರೂ ಬಂದು ಕೂರುವುದಿಲ್ಲ ಎನ್ನುವುದು ಎದ್ದು ಕಾಣಬಾರದಲ್ಲ, ಅದಕ್ಕೆ.

ಅವಳಿಗೆ ಮೇ ತಿಂಗಳಲ್ಲಿ ಮದುವೆಯಾಯಿತು. ರಾಣೆಬೆನ್ನೂರಿಗೆ ಹೋದಳು. "ಅಲ್ಲೇ ಕಾಲೇಜಿಗೆ ಸೇರ್ತೀನಿ, ದಿನಾ ಫೋನ್ ಮಾಡ್ತೀನಿ" ಎಂದಿದ್ದಳು. ಎರಡೂ ಆಗಿಲ್ಲ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಈಗ ಉಳಿದಿರುವ ಹುಡುಗಿಯರು ನಾನು, ಇನ್ನೊಬ್ಬಳು. ಆ ಇನ್ನೊಬ್ಬಳು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಗೋಡೆಯ ಜೊತೆಗಾದರೂ ಮಾತಾಡಬಹುದು, ಅವಳ ಜೊತೆ ಆಗುವುದಿಲ್ಲ.

ಹೋದ ವರ್ಷ ನಾನೂ ಪ್ರಮೀಳಾನೂ ಸೇರಿ ಮೊದಲ ಸೆಮಿಸ್ಟರಿನವರಿಗೆ ಸಂಜೆ ಪಾಠ ಶುರು ಮಾಡಿದ್ದೆವು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯನ್ನು ಹೇಗೋ ದಾಟಿ ಬಂದವರು ಇಲ್ಲಿಯ ಕೆಮಿಸ್ಟ್ರಿ ನೋಡಿ ಕಕ್ಕಾಬಿಕ್ಕಿಯಾಗುತ್ತಾರೆ. ನಾವೂ ಹಾಗೆಯೇ ಆಗಿದ್ದೆವು. ಈ ವರ್ಷ ಒಬ್ಬಳೇ ನಡೆಸಬೇಕು. ಅವರಿಗೆ ಕೆಮಿಸ್ಟ್ರಿ ಹೇಳುವ ಅತಿಥಿ ಉಪನ್ಯಾಸಕ ಲೋಕಪ್ಪ ಸರ್, ಲ್ಯಾಬಿನ ಪಕ್ಕದ ತಕ್ಕಡಿ ಕೋಣೆಯ ಬೀಗದ ಕೈ ಕೊಟ್ಟರು. ದಿನವೂ ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಬರುವವರು, ಮಾತು ಕಡಿಮೆ. "ತಕ್ಕಡಿ ಒಂದು ಮುಟ್ಟಬೇಡಿ. ಉಳಿದಿದ್ದು ಎಂತ ಬೇಕಾರೂ ಮಾಡ್ಕಳಿ" ಎಂದರು.

ಹನ್ನೆರಡು ಜನ ಬಂದಿದ್ದರು. ಮೋಲ್ ಎಂದರೇನು ಎಂದು ಮುಕ್ಕಾಲು ಗಂಟೆ ಹೇಳಿದೆ. "ತಿಳೀತಾ?" ಎಂದೆ. "ಹ್ಞೂಂ ರೀ ಅಕ್ಕ" ಎಂದರು. ಒಂದು ಲೆಕ್ಕ ಕೊಟ್ಟರೆ ಒಬ್ಬರೂ ಪೆನ್ನು ಎತ್ತಲಿಲ್ಲ. ಆಮೇಲೆ ಐದು ಗಂಟೆಯ ಬಸ್ಸಿಗೆ ಓಡಿದರು. ಮಧ್ಯಾಹ್ನದ ಬುತ್ತಿ ಹಾಗೆಯೇ ಇತ್ತು, ಅಲ್ಲೇ ಕೂತು ತಿಂದೆ. ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ತಕ್ಕಡಿ, ಈ ಕಡೆ ನಾನು. ಪ್ರಮೀಳಾ ಇದ್ದಿದ್ದರೆ ಇದಕ್ಕೂ ಏನಾದರೂ ಹೇಳಿ ನಗಿಸುತ್ತಿದ್ದಳು.

ಸೆಪ್ಟೆಂಬರ್ 24, ಬುಧವಾರ

ಸಮೀಕರಣ ಸರಿದೂಗಿಸುವುದು ಮೂರು ದಿನದಿಂದ ಯಾರ ತಲೆಗೂ ಹತ್ತುತ್ತಿರಲಿಲ್ಲ. ಇವತ್ತು ತಲೆ ಕೆಟ್ಟು ಪುಸ್ತಕ ಮುಚ್ಚಿಟ್ಟೆ.

"ಮೀಥೇನ್ ಅಂದ್ರೆ ಒಂದು ಕುರಿ ಅನ್ಕೊಳ್ರಿ. ಕಾರ್ಬನ್ನು ಅದರ ಮೈ, ಹೈಡ್ರೋಜನ್ನು ಕಾಲು. ಈ ಕಡಿ ಎಂಟು ಕಾಲು ಇದ್ರೆ ಎಷ್ಟು ಕುರಿ?"

"ಎರಡು" ಎಂದಳು ಹಿಂದೆ ಕೂತಿದ್ದ ಬಳ್ಳಿಗಾವಿಯ ಹುಡುಗಿ. ಇಷ್ಟು ದಿನ ಅವಳ ದನಿಯನ್ನೇ ಕೇಳಿರಲಿಲ್ಲ.

"ಆ ಕಡಿ ಆರೇ ಕಾಲು ಕಂಡ್ರೆ?"

"ಎರಡು ಕಾಲು ಎಲ್ಲೋ ತಪ್ಪಿಸ್ಕೊಂಡಾವ್ರಿ ಅಕ್ಕ. ಹುಡುಕ್ಬೇಕು."

ಎಲ್ಲರೂ ನಕ್ಕರು. ಆಮೇಲೆ ಕಾಲು ಹುಡುಕುತ್ತ ಆರು ಸಮೀಕರಣ ಮುಗಿಸಿದರು. ತಿರುಗಿ ನೋಡಿದರೆ ಲೋಕಪ್ಪ ಸರ್ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

"ಯಾರ ಮನೆ ಕುರಿ?" ಎಂದರು.

"ನಮ್ಮವೇ ಸರ್, ತೊಗರ್ಸಿ ಕಡೆಯವು" ಎಂದೆ. ತಲೆಯಾಡಿಸಿ ಬಸ್ಸಿಗೆ ಹೋದರು.

ಪ್ರಮೀಳಾಗೆ ಇದನ್ನೆಲ್ಲ ಉದ್ದಕ್ಕೆ ಬರೆದು ಕಳಿಸಿದೆ. ನೀಲಿ ಗುರುತು ಬಂತು. ಓದಿದ್ದಾಳೆ.

ಅಕ್ಟೋಬರ್ 6, ಸೋಮವಾರ

ಪ್ರಮೀಳಾ ಒಂದು ಹೆಬ್ಬೆರಳು ಕಳಿಸಿದ್ದಾಳೆ. ಹನ್ನೆರಡು ದಿನ ಕಾದದ್ದಕ್ಕೆ ಒಂದು ಹೆಬ್ಬೆರಳು.

ಲೋಕಪ್ಪ ಸರ್ ತಮ್ಮ ಪಾಠದಲ್ಲೂ ಕಾಲು ಎಣಿಸಿದರಂತೆ. "ಇದು ನಾಗಶ್ರೀ ಲೆಕ್ಕ" ಎಂದು ನನ್ನ ಹೆಸರು ಹೇಳಿದರಂತೆ. ಬಳ್ಳಿಗಾವಿಯವಳು ಬಂದು ಹೇಳಿದಳು. ಅವಳ ಹೆಸರು ನೀಲಾಂಬಿಕ.

ಅಕ್ಟೋಬರ್ 29, ಬುಧವಾರ

ಗುಣಮಟ್ಟ ಸಮಿತಿ ನೋಡಿಕೊಳ್ಳುವ ರಾಜಪ್ಪ ಸರ್ ಕರೆಸಿದ್ದರು. ಮೊದಲ ಸೆಮಿಸ್ಟರಿನವರು ಪ್ರತಿ ವಿಷಯಕ್ಕೂ ಅಭಿಪ್ರಾಯದ ಹಾಳೆ ತುಂಬಬೇಕು. ಹೋದ ವರ್ಷ ಹಾಳೆ ಇಂಗ್ಲಿಷಿನಲ್ಲಿತ್ತು. ಓದದೇ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದಿದ್ದರು. "ಈ ಸಲ ಕನ್ನಡದಾಗೆ ಮಾಡಿಕೊಡು. ವಿದ್ಯಾರ್ಥಿಗಳೇ ಮಾಡಿದ್ರೆ ವಿದ್ಯಾರ್ಥಿಗಳಿಗೆ ತಿಳಿತತಿ" ಎಂದರು.

ಕೆಲಸ ಸಣ್ಣದಲ್ಲ. ನಮ್ಮ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಿಗೆ ಐದಕ್ಕೆ ಮೂರಕ್ಕಿಂತ ಕಡಿಮೆ ಬಂದರೆ ಪ್ರಾಂಶುಪಾಲರು ಮುಂದಿನ ಸೆಮಿಸ್ಟರಿನ ಪಟ್ಟಿಯಲ್ಲಿ ಅವರ ಹೆಸರು ಸೇರಿಸುವುದಿಲ್ಲ.

ಸಂಜೆಯೆಲ್ಲ ಕೂತು ಬರೆದೆ. ಗುರುತು ಹಾಕಲು ಐದು ಮನೆ. ಮೊದಲನೆಯದು ಅತ್ಯುತ್ತಮ, ಅದಕ್ಕೆ ಐದು ಅಂಕ. ಆಮೇಲೆ ಬಹಳ ಒಳ್ಳೆಯದು, ಒಳ್ಳೆಯದು. ಕೊನೆಯದು ಕಳಪೆ, ಒಂದು ಅಂಕ. ಅಂಕ ಹಾಳೆಯ ಮೇಲೆ ಇರುವುದಿಲ್ಲ, ಆಮೇಲೆ ಆಫೀಸಿನಲ್ಲಿ ಲೆಕ್ಕ ಹಾಕುತ್ತಾರೆ. ನಾಲ್ಕನೇ ಮನೆಗೆ ತೃಪ್ತಿಕರ ಎಂದು ಬರೆದಿದ್ದೆ. ರಾಜಪ್ಪ ಸರ್ ಬೇಡವೆಂದರು. "ತೃಪ್ತಿ ಅಂದ್ರೆ ಹೊಟ್ಟಿ ತುಂಬ್ತು ಅಂತ ತಿಳ್ಕೊಂತಾರೆ. ಇದು ಎರಡು ಅಂಕದ ಮನಿ. ಏನೋ ಒಂದು, ಹಂಗೂ ಹಿಂಗೂ ಅನ್ನೋ ಮಾತು ಹಾಕು."

ಯೋಚಿಸಿ ಅಡ್ಡಿಲ್ಲ ಎಂದು ಹಾಕಿದೆ. ಹಾಸ್ಟೆಲಿನಲ್ಲಿ ಸಾರು ಹೇಗಿದೆ ಎಂದು ಯಾರಾದರೂ ಕೇಳಿದರೆ ನಾವು ಹೇಳುವುದು ಅದನ್ನೇ ಅಲ್ಲವೇ? ಹಾಸ್ಟೆಲಿನ ಸಾರಿಗೆ ಎರಡಕ್ಕಿಂತ ಹೆಚ್ಚು ಕೊಡಬಾರದು. ರಾಜಪ್ಪ ಸರ್ ಖುಷಿಯಾದರು. ನನಗೂ ನನ್ನ ಬಗ್ಗೆ ಹೆಮ್ಮೆಯಾಯಿತು. ಕೊನೆಯಲ್ಲಿ ಸಂಜೆ ಪಾಠದ ಬಗ್ಗೆಯೂ ಒಂದು ಪ್ರಶ್ನೆ ಸೇರಿಸಿದೆ. ಸೇರಿಸದೇ ಇರಲು ಆಗಲಿಲ್ಲ.

ನವೆಂಬರ್ 12, ಬುಧವಾರ

ಎರಡೂ ಕಾಲು. ಲೋಕಪ್ಪ ಸರ್‌ಗೆ ಐದಕ್ಕೆ ಬಂದದ್ದು ಅಷ್ಟೇ.

ಮೂವತ್ತನಾಲ್ಕು ಹಾಳೆ ಬಂದಿದ್ದವು. ಲೋಕಪ್ಪ ಸರ್ ಪಾಠಕ್ಕೆ ಇಪ್ಪತ್ತೇಳು ಜನ ನಾಲ್ಕನೇ ಮನೆಗೆ ಗುರುತು ಹಾಕಿದ್ದಾರೆ. ಐದು ಜನ ಒಳ್ಳೆಯದು, ಇಬ್ಬರು ಬಹಳ ಒಳ್ಳೆಯದು. ಅತ್ಯುತ್ತಮ ಎಂದವರು ಒಬ್ಬರೂ ಇಲ್ಲ. ನನ್ನ ಸಂಜೆ ಪಾಠಕ್ಕೂ ನಾಲ್ಕನೇ ಮನೆಯೇ. ನೀಲಾಂಬಿಕಳ ಹಾಳೆಯನ್ನು, ಮೇಲೆ ವಿಷಯದ ಹೆಸರು ಬರೆದ ಅಕ್ಷರದಿಂದ ಗುರುತು ಹಿಡಿದೆ. ಅವಳೂ ಅಲ್ಲಿಯೇ.

ಕಾಲು ಎಣಿಸಿದ ಹುಡುಗಿ! ಲೋಕಪ್ಪ ಸರ್ ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ಒಂದೇ ಲೆಕ್ಕವನ್ನು ಮೂರು ಸಲ ಹೇಳಿಕೊಡುವುದನ್ನು ನಾನೇ ಕಂಡಿದ್ದೇನೆ. ಅದಕ್ಕೆ ಎರಡು ಅಂಕ. ಹಾಸ್ಟೆಲಿನ ಸಾರಿಗೆ ಕೊಟ್ಟಷ್ಟು.

ಸರ್ ಕಾರಿಡಾರಿನಲ್ಲಿ ಸಿಕ್ಕರು. ಆಫೀಸಿನಲ್ಲಿ ಅವರಿಗೂ ಹೇಳಿದ್ದರೆಂದು ಮುಖ ನೋಡಿಯೇ ಗೊತ್ತಾಯಿತು. "ಬೀಗ ಹಾಕ್ಯಂಡು ಹೋಗು" ಎಂದಷ್ಟೇ ಹೇಳಿದರು.

ನವೆಂಬರ್ 13, ಗುರುವಾರ

ಬೈದೆ. ಚೆನ್ನಾಗಿ ಬೈದೆ. ಉಂಡ ಮನೆಗೆ ಎರಡು ಬಗೆಯುವವರು ಎಂದೆ. ಐದು ಗಂಟೆಯ ಬಸ್ಸಿಗೆ ಹೊತ್ತಾಗುತ್ತದೆಂದು ಓಡುವಾಗ, ನಿಮಗಾಗಿ ತನ್ನ ಬಸ್ಸನ್ನು ಬಿಟ್ಟವರ ನೆನಪು ಬರಲಿಲ್ಲವೇ ಎಂದೆ.

ನೀಲಾಂಬಿಕ ಎದ್ದು ನಿಂತಳು. "ಅಕ್ಕ, ನಾವು ಅಡ್ಡಿಲ್ಲ ಅಂತ ಹಾಕೇವಿ."

"ಅದನ್ನೇ ನಾನು ಕೇಳ್ತಿರೋದು."

"ಅಡ್ಡಿಲ್ಲ ಅಂತ ಹಾಕೇವಿ ಅಕ್ಕ" ಎಂದು ಮತ್ತೆ ಅದನ್ನೇ ಹೇಳಿದಳು. ಮೊಂಡುತನಕ್ಕೂ ಒಂದು ಮಿತಿ ಬೇಕು. ಕುಬಟೂರಿನ ತೀರ್ಥೇಶ್ ಏನೋ ಹೇಳಲು ಬಾಯಿ ತೆರೆದ. ಕೇಳುವ ತಾಳ್ಮೆ ನನಗಿರಲಿಲ್ಲ. ನಾಳೆಯಿಂದ ಬರುವವರು ಬನ್ನಿ, ಬಿಡುವವರು ಬಿಡಿ ಎಂದು ಎದ್ದು ಬಂದೆ.

ನವೆಂಬರ್ 17, ಸೋಮವಾರ

ಶುಕ್ರವಾರ ಇಬ್ಬರು ಬಂದಿದ್ದರು. ಇವತ್ತು ಯಾರೂ ಇಲ್ಲ.

ನವೆಂಬರ್ 18

ಯಾರೂ ಇಲ್ಲ.

ನವೆಂಬರ್ 20, ಗುರುವಾರ

ನಾಲ್ಕೂವರೆಯವರೆಗೆ ಬಾಗಿಲು ತೆಗೆದು ಕೂತಿದ್ದೆ. ತಕ್ಕಡಿಯ ಗಾಜು ಒರೆಸಿದೆ. ಹಲಗೆಯ ಮೇಲಿದ್ದ ಹಳೆಯ ಸಮೀಕರಣ ಒರೆಸಲಿಲ್ಲ, ಅದರ ಪಕ್ಕದಲ್ಲಿ ಯಾರೋ ಸಣ್ಣದೊಂದು ಕುರಿ ಬರೆದಿದ್ದರು. ಪ್ರಮೀಳಾಗೆ ಫೋನ್ ಮಾಡಿದೆ. "ಅತ್ತೆ ಕರೀತಿದಾರೆ ಕಣೆ, ಆಮೇಲೆ ಮಾಡ್ತೀನಿ" ಎಂದಳು. ಆಮೇಲೆ ಎಂದರೆ ಯಾವಾಗ ಎಂದು ಕೇಳಲಿಲ್ಲ.

ಇವತ್ತು ಬೆಳಗಿನಿಂದ ಹಾಸ್ಟೆಲಿನ ಅಡುಗೆಯವರನ್ನು ಬಿಟ್ಟರೆ ನಾನು ಮಾತಾಡಿದ್ದು ಪ್ರಮೀಳಾ ಜೊತೆ ಮಾತ್ರ. ನನಗೆ ಬೇಜಾರಾಗುತ್ತಿದೆ. ಬೇರೆ ಚೆಂದದ ಮಾತು ಹುಡುಕಿ ಏನು ಪ್ರಯೋಜನ, ಬೇಜಾರಾಗುತ್ತಿದೆ ಅಷ್ಟೆ.

ನವೆಂಬರ್ 23, ಭಾನುವಾರ, ಊರಲ್ಲಿ

ನಿನ್ನೆ ಊರಿಗೆ ಬಂದೆ. ಇವತ್ತು ಬೆಳಿಗ್ಗೆ ಹಟ್ಟಿಯ ಹತ್ತಿರ ಕೂತು ರೊಟ್ಟಿ ತಿನ್ನುತ್ತಿದ್ದೆ. ಪಕ್ಕದ ಮನೆಯ ಶಿವಮೂರ್ತಪ್ಪ ಕಾಕ ಬಂದು ಅಪ್ಪನ ಟಗರನ್ನು ಸುತ್ತ ಒಂದು ಸಲ ನೋಡಿದರು. ಆ ಟಗರೆಂದರೆ ಅಪ್ಪನಿಗೆ ಪ್ರಾಣ. ಮರಿಯಿದ್ದಾಗ ಅದರ ತಾಯಿ ಸತ್ತಿತ್ತು. ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಕಂಬಳಿ ಹೊದಿಸಿ ಸಾಕಿದ್ದಾನೆ.

"ಹೆಂಗೈತೋ ಗುಡ್ಡಪ್ಪ ಟಗರು?"

"ಅಡ್ಡಿಲ್ಲ" ಎಂದ ಅಪ್ಪ.

ಕಾಕ ತಲೆಯಾಡಿಸಿ, "ಹೌದೌದು, ಅಡ್ಡಿಲ್ಲ" ಎಂದು ಹೊರಟರು. ಇಬ್ಬರ ಮುಖದಲ್ಲೂ ಬಹಳ ದೊಡ್ಡ ಮಾತಾಡಿದ ಸಮಾಧಾನ.

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟೆ.

"ಅಪ್ಪ, ಚಲೋ ಐತಿ ಅಂತ ಯಾಕೆ ಹೇಳ್ಲಿಲ್ಲ?"

"ಹಂಗೆ ಬಾಯಿ ತುಂಬ ಹೊಗಳ್ತಾರೇನವ್ವ? ದೃಷ್ಟಿ ಆಗ್ತತಿ. ನಮ್ಮೋರಿಗೆ ಅಡ್ಡಿಲ್ಲ ಅಂದ್ರೆ ಸಾಕು."

ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು. "ನಿನ್ನ ಮಾರ್ಕ್ಸ್ ಕಾರ್ಡ್ ನೋಡಿದಾಗ ಏನಂದ ಕೇಳು." ಕೇಳಬೇಕಾಗಿಲ್ಲ, ನನಗೆ ನೆನಪಿದೆ. ಅಡ್ಡಿಲ್ಲ ಎಂದಿದ್ದ. ಎಂದವನೇ ಪೇಟೆಗೆ ಹೋಗಿ ಮಂಡಕ್ಕಿ, ಮಿರ್ಚಿ ತಂದು ಓಣಿಗೆಲ್ಲ ಹಂಚಿದ್ದ.

ಹಾಸ್ಟೆಲಿನ ಸಾರಿಗೆ ಅಡ್ಡಿಲ್ಲ ಎನ್ನುವುದನ್ನು ನಾನು ಶಿಕಾರಿಪುರಕ್ಕೆ ಹೋಗಿ ಕಲಿತದ್ದು. ಅಪ್ಪನ ಈ ಅಡ್ಡಿಲ್ಲವನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮೂವತ್ತನಾಲ್ಕು ಜನರಲ್ಲಿ ಇಪ್ಪತ್ತೇಳು ಜನ ಲೋಕಪ್ಪ ಸರ್‌ಗೆ ತಮ್ಮ ಬಾಯಲ್ಲಿರುವ ಅತಿ ದೊಡ್ಡ ಮಾತು ಕೊಟ್ಟಿದ್ದರು. ಅದನ್ನು ಎರಡು ಅಂಕದ ಮನೆಯಲ್ಲಿ ಬರೆದವಳು ನಾನು. ಮೇಲಿಂದ ಅವರನ್ನೇ ಬೈದೆ. ನೀಲಾಂಬಿಕ ಎರಡೆರಡು ಸಲ ಹೇಳಿದಳು, ಕಿವಿ ಎಲ್ಲಿ ಇಟ್ಟಿದ್ದೆನೋ.

ಸಂಜೆಯ ಬಸ್ಸಿಗೆ ವಾಪಸ್ ಹೊರಟೆ. ಎರಡು ದಿನ ಇರುತ್ತಾಳೆಂದು ಅವ್ವ ಹೋಳಿಗೆಗೆ ಬೇಳೆ ನೆನೆಸಿದ್ದಳು.

ನವೆಂಬರ್ 24, ಸೋಮವಾರ

ವಿಷಯ ಕೇಳಿ ರಾಜಪ್ಪ ಸರ್ ಮೊದಲು ನಕ್ಕರು, ಆಮೇಲೆ ತಲೆ ಹಿಡಿದುಕೊಂಡರು. "ಪಟ್ಟಿ ಶುಕ್ರವಾರ ಹೋಗ್ತತಿ. ಹಳೇ ಹಾಳೆ ತಿದ್ದಕ್ಕೆ ಬರಲ್ಲ. ಹೊಸದು ತುಂಬಿಸಿ ಬುಧವಾರದೊಳಗೆ ತಂದ್ರೆ ನೋಡಣ. ಆದ್ರೆ ತುಂಬೋರು ನಿನ್ನ ಮಾತು ಕೇಳ್ಬೇಕಲ್ಲ."

ಮೊದಲ ಪೀರಿಯಡ್ ಮುಗಿಯುತ್ತಲೇ ಮೊದಲ ಸೆಮಿಸ್ಟರಿನವರ ಕ್ಲಾಸಿಗೆ ಹೋದೆ. ಹಲಗೆಯ ಮುಂದೆ ನಿಂತೆ. ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಟಗರಿನ ಕಥೆ ಹೇಳಿದೆ. ಯಾರೂ ನಗಲಿಲ್ಲ.

ಕೊನೆಗೆ ತೀರ್ಥೇಶ್ ಕೇಳಿದ. "ಅಕ್ಕ, ಸರ್ ಕೆಲ್ಸ ಹೋತನ?"

"ಇನ್ನೂ ಇಲ್ಲ. ಹೊಸ ಹಾಳೆ ಮಾಡ್ಬೇಕು. ಎರಡು ಅಂಕದ ಮನಿಗೆ ಯಾವ ಮಾತು ಹಾಕ್ಲಿ ನೀವೇ ಹೇಳ್ರಿ."

ನೀಲಾಂಬಿಕ ನನ್ನ ಮುಖ ನೋಡದೇ ಹೇಳಿದಳು. "ನಡೀತತಿ ಅಂತ ಹಾಕ್ರಿ. ಐದು ಅಂಕದ್ದಕ್ಕೆ ಅಡ್ಡಿಲ್ಲ ಅಂತ ಹಾಕ್ರಿ. ಅತ್ಯುತ್ತಮ ಅಂತ ಯಾರಿಗೂ ಅನ್ನಕ್ಕೆ ಬರಲ್ಲ, ಅದು ಸರ್ಟಿಫಿಕೇಟಿನಾಗೆ ಇರೋ ಮಾತು."

ಯೂನಿವರ್ಸಿಟಿಯವರು ನೋಡಿದರೆ ನಗುತ್ತಾರೆ ಎಂದು ರಾಜಪ್ಪ ಸರ್ ಒಪ್ಪಲಿಲ್ಲ. ಜಗ್ಗಾಡಿ ಕೊನೆಗೆ ಮೊದಲನೇ ಮನೆಯಲ್ಲಿ ಅತ್ಯುತ್ತಮ ಎಂದು ದೊಡ್ಡದಾಗಿ, ಅದರ ಕೆಳಗೆ 'ಅಂದರೆ ಅಡ್ಡಿಲ್ಲ' ಎಂದು ಸಣ್ಣದಾಗಿ ಹಾಕಿದೆವು.

ನವೆಂಬರ್ 26, ಬುಧವಾರ

ಮೂವತ್ತಮೂರು ಹಾಳೆ. ಒಬ್ಬನಿಗೆ ಜ್ವರ. ನಾಲ್ಕೂ ಮುಕ್ಕಾಲು ಬಂದಿದೆ. ರಾಜಪ್ಪ ಸರ್ ಅಂಕಿಯ ಕೆಳಗೆ ಸಹಿ ಹಾಕಿ ಒಳಗೆ ಕಳಿಸಿದರು.

ಒಂದು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು: ಅಕ್ಕ ಬೈದಿದ್ದು ಅಡ್ಡಿಲ್ಲ.

ಇದಕ್ಕೆ ಎಷ್ಟು ಅಂಕ ಎಂದು ಗೊತ್ತಾಗಲಿಲ್ಲ. ಇದು ಹೊಗಳಿಕೆಯ ಅಡ್ಡಿಲ್ಲ ಅಲ್ಲ, ಸಾರಿನದೂ ಅಲ್ಲ. ಕಾಲು ತುಳಿದವರಿಗೆ ಹೇಳುತ್ತೇವಲ್ಲ, ಆ ಅಡ್ಡಿಲ್ಲ. ಯಾರ ಅಕ್ಷರವೆಂದು ಗುರುತು ಹಿಡಿಯಲು ಹೋಗಲಿಲ್ಲ. ಲೇಡೀಸ್ ರೂಮಿಗೆ ಹೋಗಿ ಅತ್ತು ಬಂದೆ.

ಲೋಕಪ್ಪ ಸರ್ ಈ ವಾರವೆಲ್ಲ ರಜೆಯಲ್ಲಿದ್ದಾರೆ. ಫೋನ್ ಎತ್ತುತ್ತಿಲ್ಲ. ನಾಳೆ ಸೊರಬಕ್ಕೇ ಹೋಗುತ್ತೇನೆ.

ನವೆಂಬರ್ 27, ಗುರುವಾರ

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬದಲ್ಲಿ ಇಳಿದಾಗ ಹನ್ನೊಂದು ಗಂಟೆ. ಸರ್ ಇದನ್ನು ದಿನವೂ ಮಾಡುತ್ತಾರೆ, ಹೋಗುತ್ತ ಬರುತ್ತ. ಮನೆ ಹುಡುಕಲು ಕಷ್ಟವಾಗಲಿಲ್ಲ. ಅವರ ತಾಯಿ ತಿಮ್ಮಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. "ಶಿಕಾರಿಪುರದಿಂದ ಬಂದ್ಯನೇ ಮಗ? ಕೂತ್ಕ. ಎಂತ ಕುಡಿತಿ?" ಎಂದರು.

ಸರ್ ಬಂದು ಎದುರು ಕೂತರು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು ಹೋಗಿ, ಹೇಗೆ ಬಂತೋ ಹಾಗೆ ಹೇಳಿದೆ. ನಾಲ್ಕನೇ ಮನೆ, ಟಗರು, ಹೊಸ ಹಾಳೆ, ನಾಲ್ಕೂ ಮುಕ್ಕಾಲು. ಅವರು ಪೂರ್ತಿ ಕೇಳಿದರು.

"ನಾಗಶ್ರೀ, ನಾನು ಸಾಗರದಾಗೆ ಒಂದು ಪಿಯು ಕಾಲೇಜಿಗೆ ಮಾತು ಕೊಟ್ಟಾತು. ಜನವರಿಯಿಂದ."

"ಸರ್, ಅಂಕ ಸರಿಯಾತಲ್ಲ ಸರ್. ಪಟ್ಟಿಯಾಗೆ ನಿಮ್ಮ ಹೆಸರು ಹೋಗ್ತತಿ."

"ಹೋಗ್ಲಿ. ಕೊಟ್ಟ ಮಾತು ತಿರುಗಿ ತಗಳಕ್ಕೆ ಬರಾದಿಲ್ಲ." ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಹಾಳೆ ನಾನು ಮೊದ್ಲೇ ನೋಡಿದ್ದೆ ಮಾರಾಯ್ತಿ. ಆಫೀಸಿನ ಮೇಜಿನ ಮೇಲಿದ್ವು. ಅಡ್ಡಿಲ್ಲ ಅಂತ ಸಾಲಾಗಿ ಕಂಡು ಭಾಳ ಖುಷಿಯಾಗಿ ಮನೆಗ್ ಬಂದು ಅಮ್ಮಂಗೂ ಹೇಳಿದ್ದೆ. ಮಾರನೇ ದಿನ ಎರಡೂ ಕಾಲು ಅಂದ್ರು. ಮಕ್ಕಳ ಮಾತು ನಂಗೆ ಗೊತ್ತಿತ್ತು, ಆಫೀಸಿನ ಮಾತು ಗೊತ್ತಿರ್ಲಿಲ್ಲ."

"ನೀವು ಯಾಕೆ ಹೇಳ್ಲಿಲ್ಲ ಸರ್?"

"ನನ್ನನ್ನ ಹೊಗಳ್ಯಾರೆ, ಅಂಕ ತಿದ್ರಿ ಅಂತ ನಾನೇ ಹೋಗಿ ಹೆಂಗೆ ಕೇಳಾದು?"

ನಾನಾಗಿದ್ದರೂ ಕೇಳುತ್ತಿರಲಿಲ್ಲ. ನಮ್ಮಪ್ಪನೂ ಕೇಳುತ್ತಿರಲಿಲ್ಲ. ತಿಮ್ಮಮ್ಮ ತಂದ ಕಷಾಯ ಆರಿ ಹೋಗುವವರೆಗೆ ನಾನು ತಲೆ ಎತ್ತಲಿಲ್ಲ. ನನ್ನಿಂದಾಯಿತು, ಇದು ಎಷ್ಟು ಹಾಳೆ ತುಂಬಿಸಿದರೂ ಹೋಗುವುದಿಲ್ಲ.

ಹೊರಡುವಾಗ ಸರ್ ಬಾಗಿಲವರೆಗೆ ಬಂದರು. "ಹಳೇ ಹಾಳೆ ಎಸೆದ್ರನ?"

"ಇಲ್ಲ ಸರ್, ನನ್ನ ಹತ್ರ ಅದಾವೆ."

"ಹೊಸಾವು ಆಫೀಸಿಗೆ ಇರ್ಲಿ. ಹಳೇವು ನಂಗೆ ಕೊಡು."

ಡಿಸೆಂಬರ್ 2, ಮಂಗಳವಾರ

ಹಾಳೆಗಳನ್ನು ರಟ್ಟು ಹಾಕಿ ಕಟ್ಟಿ ಸರ್‌ಗೆ ಕೊಟ್ಟೆ. ಬ್ಯಾಗಿನಲ್ಲಿ ಬುತ್ತಿಯ ಕೆಳಗೆ ಇಟ್ಟುಕೊಂಡರು. ತಕ್ಕಡಿ ಕೋಣೆಯ ಬೀಗದ ಕೈಯನ್ನು ಅವರು ಹೋದ ಮೇಲೂ ನನ್ನ ಹತ್ತಿರವೇ ಬಿಡಬೇಕೆಂದು ರಾಜಪ್ಪ ಸರ್‌ಗೆ ಹೇಳಿದ್ದಾರಂತೆ. ಬಾಗಿಲು ತೆಗೆದು ಕೂತೆ. ನಾಲ್ಕು ಜನ ಬಂದರು. ಸರ್ ಸಾಗರಕ್ಕೆ ಹೋಗುವುದನ್ನು ಹೇಳಿದೆ. ತುಂಬ ಹೊತ್ತು ಲೆಕ್ಕ ಮಾಡಿದೆವು.

ಡಿಸೆಂಬರ್ 11, ಗುರುವಾರ

ಬರೆಯಲು ಹೊತ್ತಾಗುತ್ತಿಲ್ಲ. ಪರೀಕ್ಷೆ ಹತ್ತಿರ ಬಂತು, ಹತ್ತೊಂಬತ್ತು ಜನ ಬರುತ್ತಿದ್ದಾರೆ. ಇವತ್ತು ಕೊನೆಯ ಹತ್ತು ನಿಮಿಷ ಲೋಕಪ್ಪ ಸರ್ ಕೂಡ ಬಂದು ಹಿಂದೆ ನಿಂತಿದ್ದರು. ತೀರ್ಥೇಶ್‌ನಿಗೆ ಇನ್ನೂ ಮೋಲ್ ಬಾರದು, ಆದರೆ ಬಾರದು ಎಂದು ಈಗ ಬಾಯಿಬಿಟ್ಟು ಹೇಳುತ್ತಾನೆ. ಅವನ ಬುತ್ತಿಯ ಅಕ್ಕಿ ರೊಟ್ಟಿ ತೆಳ್ಳಗೆ, ನಮ್ಮ ಜೋಳದ ರೊಟ್ಟಿಯ ಮುಂದೆ ನಿಲ್ಲುವುದಿಲ್ಲ. ನೀಲಾಂಬಿಕ ಒಪ್ಪುವುದಿಲ್ಲ, ನಾಳೆ ತನ್ನಮ್ಮ ಮಾಡಿದ ಅಕ್ಕಿ ರೊಟ್ಟಿ ತಂದು ತೋರಿಸುತ್ತಾಳಂತೆ. ಪ್ರಮೀಳಾ ಮೊನ್ನೆ ಮೆಸೇಜ್ ಮಾಡಿದ್ದಾಳೆ, ಈಗಷ್ಟೇ ನೋಡಿದೆ. ನಾಳೆ ಉತ್ತರ ಬರೆಯಬೇಕು.

ಬೆಂಚಿನ ಮೇಲೆ ಬ್ಯಾಗ್ ಇಡಲು ಜಾಗವೇ ಇರಲಿಲ್ಲ. ನೆಲದ ಮೇಲಿಟ್ಟರೆ ಯಾರೋ ತುಳಿದಿದ್ದಾರೆ. ಭಾನುವಾರ ಒಗೆಯಬೇಕು.